ತುಂಬಿ ಬಂದ ಡಬ್ಬಿ

ಐಗಳಿ
ತಾ. ೧೧-೧೧-೧೯೮೬

ಪ್ರೀತಿಯ ತಮ್ಮ ಸತ್ಯಪ್ಪನಿಗೆ,

ಅಕ್ಕ ಸಾವಿತ್ರೆವ್ವನ ಆಶೀರ್ವಾದ. ನಿನ್ನ ಎದೆಯುರಿ ಹೇಗಿದೆ? ಮಂತ್ರಿಯಾದೆನೆಂದು ಹೊತ್ತು ತಪ್ಪಿ ಉಣ್ಣಬೇಡ. ಬೆಂಗಳೂರಿನ ಅನ್ನ ನಿನಗೆ ಒಗ್ಗುವುದಿಲ್ಲ, ರೊಟ್ಟಿ ಬಡಿಯುವವರನ್ನು ಇಟ್ಟುಕೋ ಎಂದು ಎಷ್ಟು ಸಲ ಹೇಳಲೋ? ಅವ್ವ ಗಟ್ಟಿಯಾಗಿದ್ದಾಳೆ. ಕುರಿ ಕಾಯುವವರ ಮನೆಯ ಮಗ ಮಂತ್ರಿಯಾದನೆಂದು ಬಂದವರ ಮುಂದೆಲ್ಲ ಹೇಳಿದ್ದೇ ಹೇಳಿದ್ದು.

ನಿನ್ನ ಆದೇಶ ಇಲ್ಲಿ ಜಾರಿಯಾಗಿದೆ. ಕಾಲುವೆಯ ನೀರು ಈಗ ಮೊದಲು ತುದಿಯ ಹಳ್ಳಿಗಳಿಗೆ, ಆಮೇಲೆ ಮೇಲಿನ ಕಬ್ಬಿನ ಹೊಲಗಳಿಗೆ. ಹೊಲ ಎಷ್ಟೇ ಇರಲಿ, ಎಲ್ಲರಿಗೂ ಒಂದೇ ಪಾಳಿ. ತುದಿಯ ವಸ್ತಿಯ ಮಲಕವ್ವ ಬಂದು, "ಯಕ್ಕಾ, ನಮ್ಮ ಹೊಲಕ್ಕ ನೀರ ಬಂದಾವ, ನಿಮ್ಮ ತಮ್ಮ ಹೇಳಿದ್ದಕ್ಕ ಸಾಲಿಗಿ ಮಾಸ್ತರೂ ಬಂದಾನ" ಎಂದು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು.

ಆದರೆ ಕಬ್ಬಿನವರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ದೀಪಾವಳಿಗೆ ಯಾವಾಗಿನಂತೆ ಮನೆಮನೆಗೆ ಚಕ್ಕುಲಿ, ಉಂಡಿ ತುಂಬಿದ ಫರಾಳದ ಡಬ್ಬಿ ಕಳಿಸಿದ್ದೆ. ಡಬ್ಬಿ ಖಾಲಿ ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಏನಿಲ್ಲದಿದ್ದರೂ ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಾರೆ. ಈ ಸಲ ಒಂದಾದ ಮೇಲೊಂದು ಖಾಲಿ ಬಂದವು. ಮೇಲಿನ ಹೊಲದವರ ಗಿರಿಜವ್ವ ಡಬ್ಬಿ ಕಟ್ಟೆಯ ಮೇಲಿಟ್ಟು, "ನಿಮ್ಮ ತಮ್ಮಗ ಹೇಳ್ರಿ, ನಮ್ಮ ಕಬ್ಬ ಒಣಗಾಕತ್ತೈತಿ" ಎಂದವಳೇ ಒಳಗೂ ಬಾರದೆ ಹೋದಳು. ಮೊನ್ನೆ ಕಾಲುವೆ ಗೇಟು ಕಾಯುವವನ ಗುಡಿಸಲಿಗೆ ಯಾರೋ ಬೆಂಕಿ ಹಚ್ಚಿದರು. ಅವನು ಸಂತೆಗೆ ಹೋಗಿದ್ದ, ಬದುಕಿಕೊಂಡ. ನನಗೆ ಹೆದರಿಕೆಯಾಗುತ್ತಿದೆ ತಮ್ಮಾ. ಆದೇಶ ಹಿಂದಕ್ಕೆ ತೆಗೆದುಕೋ ಎನ್ನುವುದಿಲ್ಲ, ಎಂದರೂ ಕೇಳುವ ಮಗ ನೀನಲ್ಲ.

ಎಲ್ಲರಿಗಿಂತ ಹೆಚ್ಚು ಕಬ್ಬು ಒಣಗುತ್ತಿರುವುದು ನಿನ್ನ ಸಾಲಿಯ ಗೆಳೆಯ ಮುರಗೆಪ್ಪನದು. ಇಪ್ಪತ್ಮೂರರ ರವಿವಾರ ಹಾರೂಗೇರಿಯಲ್ಲಿ ನಿನಗೆ ಸತ್ಕಾರ ಇಟ್ಟುಕೊಂಡವನೂ ಅವನೇ. ನೀನು ಒಪ್ಪಿಕೊಂಡಿದ್ದೀಯಂತೆ.

ಮನೆದೇವರು ನಿನ್ನ ಬೆನ್ನಿಗಿರಲಿ. ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಕ್ಕ,
ಸಾವಿತ್ರೆವ್ವ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮುರಗೆಪ್ಪನ ಮನೆಯ ಡಬ್ಬಿ ಮಾತ್ರ ತುಂಬಿ ಬಂತು. ಪೇಟೆಯ ಸಿಹಿ ಕುಂದಾ ಹಾಕಿಸಿ ತಾನೇ ತಂದ. ಅವ್ವನ ಕಾಲು ಮುಟ್ಟಿದ, ಚಹಾ ಕುಡಿದ, ನೀರಿನ ಸುದ್ದಿಯನ್ನೇ ಎತ್ತಲಿಲ್ಲ. "ಅಕ್ಕಾರ, ಸತ್ಯಪ್ಪ ಯಾವ ಹಾದೀಲೆ ಬರ್ತಾನ್ರಿ? ಪೊಲೀಸರ ಗಾಡಿ ಜೋಡಿ ಇರತೈತೇನ್ರಿ?" ಎಂದು ಕೇಳಿದ. ನಾನು ಗೊತ್ತಿಲ್ಲ ಎಂದೆ. ಹೊರಡುವಾಗ ಅವ್ವನನ್ನು ಕೇಳಿದ. ಅವಳು ಖುಷಿಯಲ್ಲಿ ನೀನು ಯಾವಾಗಲೂ ಬರುವ ಹಾದಿ, ಪೊಲೀಸರ ಗಾಡಿ ತಾರದಿರುವುದು ಎಲ್ಲ ಹೇಳಿಬಿಟ್ಟಳು. ಖಾಲಿ ಡಬ್ಬಿ ಕೊಟ್ಟವರ ಸಿಟ್ಟು ನನಗೆ ತಿಳಿಯುತ್ತದೆ. ಈ ಕುಂದಾ ಹಾಗೇ ಇದೆ, ಮನೆಯಲ್ಲಿ ಯಾರಿಗೂ ಮುಟ್ಟಗೊಟ್ಟಿಲ್ಲ. ಹಾರೂಗೇರಿಗೆ ಬರಬೇಡ.