ಎಂಟು ಮೊಳದ ಪಟ್ಟಿ

ಮಾರ್ಚ್ ೩, ಬೆಳಿಗ್ಗೆ
ಮತ್ತೆ ಶುಗರ್ ಗುಳಿಗೆ ಮರೆತೆ. ಮತ್ತೆ ಪೇಪರ್ ಓದಿ ಸಿಟ್ಟು. ಅಣೆಕಟ್ಟಿನ ಹಿನ್ನೀರು ಇಳಿದಿದೆ. ಹಳೆಯ ಕೊಲ್ಹಾರದ ಹೊಲಗಳು ಕೆಸರು ಮೆತ್ತಿಕೊಂಡು ಮೇಲೆದ್ದಿವೆ. ಪರಿಹಾರ ಉಂಡು ಎಷ್ಟು ವರ್ಷವಾಯಿತು! ಆದರೂ ಪ್ರತಿ ಬೇಸಿಗೆ ಹಳೆಯ ಗಡಿ ಹುಡುಕಿ ಬಿತ್ತುತ್ತಾರೆ. ಜುಲೈಗೆ ಮುಳುಗುವ ಮಣ್ಣಿಗೆ ಗಡಿ! ಬದುಕಿಗೆ ಅರ್ಥವಿಲ್ಲ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಹೇಳಿದೆ. ಮಕ್ಕಳು ನಕ್ಕರು.

ಮಾರ್ಚ್ ೫
ಅಮೋಘಸಿದ್ಧ, ಮಾಳಿಂಗ — ಅಣ್ಣತಮ್ಮಂದಿರ ಮಕ್ಕಳು, ಇಬ್ಬರೂ ನನ್ನ ಶಿಷ್ಯರು — ತಮ್ಮ ಹೊಲಕ್ಕೆ ಕರೆದೊಯ್ದರು. ಹೊಲಗಳ ನಡುವಿನ ಎಂಟು ಮೊಳದ ಪಟ್ಟಿ ಯಾರದು? ನನ್ನಪ್ಪ ಊರ ವಾಲೀಕಾರ, ಸರ್ಕಾರಿ ಕೆಲಸದ ಊರಾಳು. ಹೊಲ ಅಳೆಯುವ ಮೋಜಣಿಯವರು ಬಂದಾಗ ಗಡಿಕಲ್ಲು ನೆಡುತ್ತಿದ್ದ. ಸುಣ್ಣದ ಬುಟ್ಟಿ ಹೊರುತ್ತಿದ್ದವನು ನಾನು. ಮಾಳಿಂಗ ನಕ್ಕ: "ಗುರುಗಳು ದೇವರಿಲ್ಲ ಅಂತಾರ. ನಮಗ ಮಾತ್ರ ಅವರ ಮಾತ ದೇವರ ಮಾತು."
ಕೆಸರಲ್ಲಿ ಒಂದು ಕರಿಕಲ್ಲು. ಬೆತ್ತ ಊರಿ "ಇದೇ" ಅಂದೆ. ಪಟ್ಟಿ ಮಾಳಿಂಗನದಾಯಿತು. ಅಮೋಘಸಿದ್ಧ ತಿರುಗಿ ನೋಡದೆ ಮನೆಗೆ ನಡೆದ. ಎಪ್ಪತ್ತೆರಡಕ್ಕೂ ಎಂಥ ನೆನಪು ನನ್ನದು!

ಏಪ್ರಿಲ್ ೨೧, ಸಂಜೆ ಐದು
ಕೊಡಲಿ. ಸೌತೆಬಳ್ಳಿಯ ನಡುವೆ. ಮೂರು ಏಟು... ಮಾಳಿಂಗನ ಕುತ್ತಿಗೆ ಅರ್ಧ ತೂಗುತ್ತಿತ್ತು. ಅಮೋಘಸಿದ್ಧ ಅದೇ ಕಲ್ಲಿನ ಮೇಲೆ ಕೂತು ಸೌತೆಕಾಯಿ ತಿನ್ನುತ್ತಿದ್ದ, ಪೊಲೀಸರು ಬರುವತನಕ. "ನೀವ ತೋರಿಸಿದ ಕಲ್ರಿ ಇದು, ಗುರುಗಳ" ಅಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಏಪ್ರಿಲ್ ೨೨
ಪುಸ್ತಕಗಳನ್ನೆಲ್ಲ ಗೋಡೆಗೆ ಬೀಸಿದೆ. ಹುಟ್ಟದಿರುವುದೇ ಲೇಸು ಎಂದು ಬರೆದ ಮಹಾಶಯರು ನೊಣ ಮುತ್ತಿದ ಗಂಟಲು ಕಂಡಿರಲಿಲ್ಲ.

ಮೇ ೧೯
ಹೂಳು ಒಣಗಿ ಬಿರಿದಿದೆ. ಮಾಳಿಂಗನ ಹೊಲದ ಕಡೆ, ಎಂಟು ಮೊಳ ಆಚೆ, ಬಿರುಕಿನಲ್ಲಿ ಇನ್ನೊಂದು ಕಲ್ಲು. ಉಗುರಿನಿಂದ ಕೆದರಿದೆ. ತಲೆಯ ಮೇಲೆ ಉಳಿಯ ಅಡ್ಡಗೆರೆ, ಮೋಜಣಿಯ ಗುರುತು. ಅಪ್ಪ ನೆಟ್ಟದ್ದು ಇದು.
ನಾನು ತೋರಿಸಿದ್ದು ಎಮ್ಮೆ ಕಟ್ಟುವ ಕಲ್ಲು.
ಪಟ್ಟಿ ಅಮೋಘಸಿದ್ಧನದೇ. ಕಡಿದವನದೇ.

ಜೂನ್ ೨೮
ನೀರು ಏರಿತು. ಮಧ್ಯಾಹ್ನ ಎಮ್ಮೆಗಲ್ಲು ಮುಳುಗಿತು, ಸಂಜೆಗೆ ಅಪ್ಪನ ಕಲ್ಲು. ಯಾರಿಗೂ ಹೇಳಿಲ್ಲ.

ಜುಲೈ ೨
ತಿಪ್ಪವ್ವ ಬಂದಿದ್ದಾಳೆ, ಮಾಳಿಂಗನ ಹೆಂಡತಿ. ಹೊಸ್ತಿಲ ಹೊರಗೇ ಕೂತಳು. ಚಹಾ ಬೇಡವಂತೆ. ಕೇಳಿದ್ದು ಒಂದೇ: "ಪಟ್ಟಿ ನಮ್ದ ಹೌದಲ್ರಿ? ನಮ್ಮ ಹೊಲಕ್ಕಾಗೇ ಸತ್ತಾರ ನಮ್ಮವರು, ಹೌದಿಲ್ರಿ ಗುರುಗಳ?"
ಕನ್ನಡಕ ತರುವ ನೆಪದಲ್ಲಿ ಒಳಗೆ ಬಂದು ಬರೆಯುತ್ತಿದ್ದೇನೆ. ಹೌದು ಅಂದರೆ ಆ ಸಾವಿಗೆ ಒಂದು ಅರ್ಥ. ಅಲ್ಲ ಅಂದರೆ ಅವನು ಸತ್ತದ್ದು ನನ್ನ ತಪ್ಪಿಗೆ. ಅರ್ಥವೇ ಇಲ್ಲವೆಂದು ಜನ್ಮವಿಡೀ ಬೊಗಳಿದವನು ನಾನು. ಮತ್ತೆ ಕರೆಯುತ್ತಿದ್ದಾಳೆ. ಎದ್ದೆ. ಹೇಳುವುದು —