ಕೆಂಪು ದಾರದ ಗಿಡಗಳು

ಕೂನೂರು,
೧೮ ನವೆಂಬರ್ ೨೦೦೮

ಮುದ್ದು ಮಗಳು ಇಂದ್ರಾಣಿಗೆ,

ಹೇಗಿದ್ದೀಯೇ? ಕೆಮ್ಮು ಬಿಟ್ಟಿತೇ? ಹಾಸ್ಟೆಲಿನ ಊಟ ಸೇರದಿದ್ದರೂ ಹೊಟ್ಟೆಗೆ ಒಂದಿಷ್ಟು ಹಾಕಿಕೋ. ನಾಳೆ ಕಾಲೇಜಿನಲ್ಲಿ ನಿನ್ನ ಸಂಶೋಧನೆಯ ಬಗ್ಗೆ ಅಷ್ಟು ಜನರ ಮುಂದೆ ನಿಂತು ಮಾತಾಡುವವಳು. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಆದರೆ ಈ ಸಲ ಹಾಗೆ ಬರೆಯಲಾರೆ. "ಅಮ್ಮಾ, ಕೆಂಪು ದಾರದ ಗಿಡಗಳ ಬೇರು ಮೋಟು! ನಾನು ಅಂದ ಹಾಗೇ ಆಯ್ತು!" ಎಂದು ಫೋನಿನಲ್ಲಿ ಕುಣಿದೆಯಲ್ಲ, ಅದು ನಿನ್ನ ಜೀನುಗಳು ಮಾಡಿದ್ದಲ್ಲ ಕಣೇ. ನಿನ್ನಪ್ಪನ ಕತ್ತರಿ ಮಾಡಿದ್ದು.

ಹತ್ತಿಯನ್ನು ಈ ಚಳಿಯಲ್ಲಿ ಬೆಳೆಸಿ ನೋಡಬೇಕೆಂದು ನಮ್ಮ ಟೀ ನರ್ಸರಿಯಲ್ಲಿ ನೀನು ಸಸಿಯ ಚೀಲಗಳನ್ನು ಇಟ್ಟುಹೋದಾಗ ನನ್ನನ್ನು ಒಲೆ ಮುಂದೆ ಕೂರಿಸಿ ವಿವರಿಸಿದ್ದೆ. ಬೇರಿಗೆ ಉದ್ದವಾಗು ಎಂದು ಹೇಳುವ ಜೀನುಗಳದ್ದೊಂದು ಕುಟುಂಬವಂತೆ, ಅಕ್ಕತಂಗಿಯರ ಹಾಗೆ. ಕೆಂಪು ದಾರ ಕಟ್ಟಿದ ತಳಿಯಲ್ಲಿ ಅವರಲ್ಲೊಬ್ಬಳು ಸೋಮಾರಿಯಂತೆ, ಅದಕ್ಕೇ ಅದರ ಬೇರು ಗಿಡ್ಡವಾಗಬೇಕಂತೆ. ಸೋಮಾರಿಯನ್ನು ನಾನೂ ಹೆತ್ತಿದ್ದೇನೆ ಬಿಡು ಎಂದು ನಕ್ಕಿದ್ದೆ. ನೀರು ಹಾಕುವುದು ಬಿಟ್ಟು ಬೇರೇನೂ ಮಾಡಬೇಡಿ ಎಂದು ಹೇಳಿಯೇ ಹೋದೆ. ಅಯ್ಯೋ, ಜೀವಮಾನವೆಲ್ಲ ಎಸ್ಟೇಟಿನಲ್ಲಿ ಟೀ ಸಸಿ ಸಾಕಿದವರ ಕೈ ಸುಮ್ಮನಿರುತ್ತದೆಯೇ? ಬೇರು ಚೀಲದ ತಳ ದಾಟಿ ನೆಲ ಹಿಡಿದರೆ ಕತ್ತರಿಸುವುದು ಅವರಿಗೆ ಬೆಳಿಗ್ಗೆ ಮುಖ ತೊಳೆದ ಹಾಗೆ.

ನಿನ್ನೆ ನಿನ್ನಪ್ಪ ಜಗಲಿಯಲ್ಲಿ ಪಕ್ಕದ ಮನೆಯ ಚಿನ್ನಿಯ ಹತ್ತಿರ ಜಂಬ ಕೊಚ್ಚುತ್ತಿದ್ದರು: "ಕೆಂಪು ದಾರದವು ಇದ್ದವಲ್ಲ, ಅವೇ ಜೋರು. ಚೀಲ ದಾಟಿ ಮಣ್ಣು ಹಿಡ್ದಿದ್ವು. ಮಿಕ್ಕವು ಒಂದೂ ದಾಟ್ಲಿಲ್ಲ. ಚೀಲ ಬಿಚ್ಚಿ ಅರ್ಧಕ್ಕೆ ಕತ್ತರಿಸಿ ಹೊಸ ಮಣ್ಣು ತುಂಬ್ದೆ. ಮಗಳು ಬೇರು ಅಳೆಯೋಕೆ ಬರೋ ಹೊತ್ತಿಗೆ ಗಾಯ ಮಾಗಿ ಮರಿಬೇರು ಬಂದಿತ್ತು, ಅವಳಿಗೆ ಗೊತ್ತೇ ಆಗ್ಲಿಲ್ಲ!" ನಾನು ಒಳಗಿಂದ ಎಲ್ಲ ಕೇಳಿಸಿಕೊಂಡೆ.

ಕೇಳಿದೆಯಾ? ಸೋಮಾರಿ ಎಂದು ನೀನು ಹೆಸರಿಟ್ಟವಳ ಗಿಡದ ಬೇರು ಎಲ್ಲಕ್ಕಿಂತ ಉದ್ದ ಹೋಗಿತ್ತು. ನಾಳೆ ನೀನು ಹೇಳಹೊರಟಿರುವುದು ಪೂರಾ ತಲೆಕೆಳಗು. ನಿನ್ನ ಗೈಡ್ ಮೇಡಂ ಸಿಡುಕಬಹುದು, ಇಷ್ಟು ವರ್ಷದ ಓದು ಮತ್ತೆ ಮೊದಲಿಂದ ಶುರುವಾಗಬಹುದು. ನಾನು ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು; ಚಿನ್ನಿಗೆ ಹತ್ತಿ ಎಂದರೆ ದೀಪದ ಬತ್ತಿ, ಅಷ್ಟೇ. ಆದರೆ ಸುಳ್ಳಿನ ಮೇಲೆ ನಿಂತು ನೀನು ಹೆಸರು ಮಾಡುವುದು ನನಗೆ ಬೇಡ ತಾಯಿ. ಭಯವಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಪ್ಪ ಅದರ ಪಕ್ಕದಿಂದ ಏಳುವುದೇ ಇಲ್ಲ.

ನಮ್ಮ ಬೆಟ್ಟದ ದೇವಿ ಹೆತ್ತೆಯಮ್ಮ ನಿನ್ನ ನಾಲಿಗೆಗೆ ಧೈರ್ಯ ಕೊಡಲಿ. ನಿನ್ನ ಕೋಣೆಯ ಹುಡುಗಿಯರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ ಅಮ್ಮ,
ಕೆಂಪಿ

ಇನ್ನೊಂದು ಮಾತು: ಈ ಕಾಗದ ತರುತ್ತಿರುವವರು ನಿನ್ನಪ್ಪನೇ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಾರೆ, ಕೋಟು ಈಗಲೇ ಇಸ್ತ್ರಿಯಾಗಿದೆ. ಮುಂದಿನ ಸಾಲಿನಲ್ಲೇ ಕೂತು ನಿನ್ನ ಮಾತು ಕೇಳಬೇಕಂತೆ. ತನ್ನ ಆರೈಕೆಯಿಂದಲೇ ಮಗಳು ಗೆದ್ದಳು ಎಂದುಕೊಂಡಿದ್ದಾರೆ. ಅಲ್ಲವೆಂದು ಹೇಳುವ ಎದೆ ನನಗೆ ಬರಲಿಲ್ಲ. ನೀನು ಇದ್ದದ್ದನ್ನು ಇದ್ದ ಹಾಗೇ ಹೇಳು. ಹೇಳುವಾಗ ಮಾತ್ರ ಮುಂದಿನ ಸಾಲಿನ ಕಡೆ ನೋಡಬೇಡ.