ಗಿರಾಕಿಯ ಕುರ್ಚಿಯಲ್ಲಿ ಕೂತೆ

ಅಪ್ಪಾ,

ಇವತ್ತು ಕ್ಷೌರದ ಕತ್ತಿ ಎತ್ತಿಕೊಂಡವನು ಹಾಗೇ ಕೆಳಗಿಟ್ಟೆ. ವಾರದಿಂದ ತಲೆಯೊಳಗೆ ಒಂದೇ ಗದ್ದಲ. ನೀನು ಬದುಕಿದ್ದಷ್ಟು ದಿನವೂ ‘ನಾವು ಕೂರಬಾರದು’ ಎನ್ನುತ್ತಿದ್ದ ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟೆ.

ಮೇಷ್ಟ್ರು ಬಂದರು. “ಏನಯ್ಯಾ, ಇವತ್ತು ನಾನು ನಿಂಗೆ ಕಟಿಂಗ್ ಮಾಡ್ಬೇಕಾ?”

“ಬೇಡಿ ಮೇಷ್ಟ್ರೇ, ಇರೋ ಕಿವೀನೂ ಹೋದಾವು. ಮನಸ್ಸು ಸರಿಯಿಲ್ಲ, ಸ್ವಲ್ಪ ಹೊತ್ತು ಸುಮ್ನೆ ಕೂತಿರ್ತೀನಿ.”

ಅವರು ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದರು.

ತಲೆ ಎತ್ತಿದೆ. ಕನ್ನಡಿಯಲ್ಲಿ, ಬಾಗಿಲಾಚೆಯ ಮರ ತುದಿಯವರೆಗೂ ಕಂಡಿತು, ಎಲೆಯೆಲೆಯಲ್ಲೂ ಬೆಳಕು. ಅಬ್ಬಾ, ಅದು ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ! ತಲೆಯೊಳಗಿನ ಗದ್ದಲ ಯಾವಾಗ ನಿಂತಿತೋ.

ಎದ್ದು, ಕುರ್ಚಿಯ ಹಿಂದೆ ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕನ್ನಡಿ ನೋಡಿದೆ. ಅಲ್ಲಿಂದ ಬಾಗಿಲ ಚೌಕಟ್ಟು ಅಡ್ಡ ಬಂದು ಬರೀ ಬೊಡ್ಡೆ ಕಾಣುತ್ತದೆ ಅಪ್ಪಾ, ಜೀವಮಾನವೆಲ್ಲ ನಿಂತರೂ.